ಅಜ್ಜನ ಹೊಲದ ಪತ್ರದಲ್ಲಿರುವ ಫಸಲಿ ವರ್ಷ, ಮತ್ತು ಶಿರಾಜಿನಿಂದ ವಿಜಯಪುರಕ್ಕೆ ಬಂದ ಗಣಿತಜ್ಞ

ಹಳೆಯ ಕಂದಾಯ ದಾಖಲೆಗಳನ್ನು ಈಗ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಕಲಬುರಗಿ, ಬೀದರ್, ರಾಯಚೂರು ಕಡೆಯವರು ಅಜ್ಜನ ಹೊಲದ ಪತ್ರ ತೆಗೆಸಿದರೆ ಅದರಲ್ಲಿ ಒಂದು ಗೊತ್ತಿಲ್ಲದ ಇಸವಿ ಕಾಣುತ್ತದೆ. 1340 ಫಸಲಿ, 1352 ಫಸಲಿ, ಹೀಗೆ. ತಿಂಗಳ ಹೆಸರೂ ಬೇರೆ: ಆಜರ್, ಬಹಮನ್, ಖುರ್ದಾದ್. ಪಂಚಾಂಗದಲ್ಲಿ ಈ ಹೆಸರುಗಳಿಲ್ಲ, ಗೋಡೆಯ ಕ್ಯಾಲೆಂಡರಿನಲ್ಲೂ ಇಲ್ಲ.

ದಫ್ತರದಲ್ಲಿ ಕೇಳಿದರೆ "590 ಕೂಡಿಸಿ, ಇಸವಿ ಸಿಗುತ್ತದೆ" ಅನ್ನುತ್ತಾರೆ. ಸರಿ, ಸಿಗುತ್ತದೆ. ಆದರೆ 590 ಯಾಕೆ? ಆ ತಿಂಗಳುಗಳು ಎಲ್ಲಿಂದ ಬಂದವು? ಉತ್ತರ ಹುಡುಕುತ್ತಾ ಹೋದರೆ ಇರಾನಿನ ಶಿರಾಜ್ ನಗರದ ಒಬ್ಬ ಶಿಯಾ ವಿದ್ವಾಂಸರ ಹತ್ತಿರ ಹೋಗಿ ನಿಲ್ಲುತ್ತೇವೆ. ಅವರ ಹೆಸರು ಮೀರ್ ಫತುಲ್ಲಾ ಶಿರಾಜಿ. ಗಣಿತ, ಖಗೋಳ, ವೈದ್ಯ, ಯಂತ್ರವಿದ್ಯೆ ಎಲ್ಲದರಲ್ಲೂ ಪಳಗಿದವರು. ಭಾರತಕ್ಕೆ ಬಂದ ಅವರು ಮೊದಲು ನೆಲೆ ನಿಂತ ಊರು ನಮ್ಮ ವಿಜಯಪುರ.

## ರಿಚಾರ್ಜ್ ಪ್ಯಾಕಿನ ಲೆಕ್ಕ

ಮೊದಲು ಕ್ಯಾಲೆಂಡರಿನ ತೊಡಕು ಏನು ಅಂತ ನೋಡೋಣ. ಅದು ಗೊತ್ತಾಗದಿದ್ದರೆ ಇವರು ಮಾಡಿದ ಕೆಲಸದ ಬೆಲೆ ಗೊತ್ತಾಗುವುದಿಲ್ಲ.

ಮೊಬೈಲ್ ರಿಚಾರ್ಜ್ ಪ್ಯಾಕ್ 28 ದಿನದ್ದು ಇರುತ್ತದೆ, ಅಲ್ವಾ? "ತಿಂಗಳಿಗೊಮ್ಮೆ" ಅಂದುಕೊಂಡು ಹಾಕಿಸುತ್ತೇವೆ. ವರ್ಷದ ಕೊನೆಗೆ ಎಣಿಸಿದರೆ 12 ಸಲ ಅಲ್ಲ, 13 ಸಲ ಹಾಕಿಸಿರುತ್ತೇವೆ. ಸಂಬಳ ಮಾತ್ರ 12 ಸಲವೇ ಬಂದಿರುತ್ತದೆ. ಎರಡು ದಿನದ ಸಣ್ಣ ವ್ಯತ್ಯಾಸ ಸೇರಿ ಸೇರಿ ಒಂದು ಇಡೀ ಕಂತಾಗುತ್ತದೆ.

ಮುಸ್ಲಿಮರ ಹಿಜರಿ ಕ್ಯಾಲೆಂಡರ್ ಚಂದ್ರನದು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29 ದಿನ 12 ಗಂಟೆ 44 ನಿಮಿಷ. ಅಂಥ 12 ತಿಂಗಳು ಸೇರಿದರೆ 354 ದಿನ. ಭೂಮಿ ಸೂರ್ಯನನ್ನು ಸುತ್ತಲು ತೆಗೆದುಕೊಳ್ಳುವುದು 365 ದಿನಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ಹಿಜರಿ ವರ್ಷ ಪ್ರತಿ ಸಲ 11 ದಿನ ಮೊದಲೇ ಮುಗಿಯುತ್ತದೆ. ರಂಜಾನ್ ಒಂದು ಕಾಲಕ್ಕೆ ಬೇಸಿಗೆಯಲ್ಲಿ, ಇನ್ನೊಂದು ಕಾಲಕ್ಕೆ ಚಳಿಯಲ್ಲಿ ಬರುವುದು ಇದರಿಂದಲೇ.

ನಮ್ಮ ಯುಗಾದಿಯೂ ಚಂದ್ರನ ಲೆಕ್ಕವೇ. ಆದರೂ ಅದು ಮಾರ್ಚ್–ಏಪ್ರಿಲ್ ಬಿಟ್ಟು ಹೋಗುವುದಿಲ್ಲ. ಕಾರಣ ಅಧಿಕ ಮಾಸ. ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚು ಸೇರಿಸಿ ಪಂಚಾಂಗದವರು ಸೂರ್ಯನ ಜೊತೆ ಹೊಂದಿಸಿಕೊಳ್ಳುತ್ತಾರೆ. ಇಸ್ಲಾಮಿನಲ್ಲಿ ಹಾಗೆ ತಿಂಗಳು ಸೇರಿಸುವಂತಿಲ್ಲ.

ಹಬ್ಬಕ್ಕೆ, ಉಪವಾಸಕ್ಕೆ ಇದರಿಂದ ಏನೂ ತೊಂದರೆ ಇಲ್ಲ. ತೊಂದರೆ ಬಂದಿದ್ದು ಕಂದಾಯಕ್ಕೆ. ಜೋಳ, ಗೋಧಿ, ಕಡಲೆ ಬೆಳೆಯುವುದು ಸೂರ್ಯನ ಲೆಕ್ಕದಲ್ಲಿ. ಸರ್ಕಾರಿ ಲೆಕ್ಕ ಮಾತ್ರ ಚಂದ್ರನದು. ಸೂರ್ಯನ 30 ವರ್ಷ ಕಳೆಯುವಷ್ಟರಲ್ಲಿ ಚಂದ್ರನ ಹೆಚ್ಚು ಕಡಿಮೆ 31 ವರ್ಷ ಮುಗಿದಿರುತ್ತದೆ. ರೈತ 30 ಸಲ ಬೆಳೆ ತೆಗೆದಿದ್ದರೆ ಖಾತೆಯಲ್ಲಿ 31 ವರ್ಷದ ಕಂದಾಯ ಬಾಕಿ. ಅಕ್ಬರನ ಕಾಲದ ಆದೇಶದಲ್ಲಿ ಇದೇ 30 ಮತ್ತು 31ರ ಲೆಕ್ಕ ಕೊಟ್ಟು, ಇದು ರೈತರಿಗೆ ಅನ್ಯಾಯ ಎಂದು ಬರೆದಿದ್ದಾರೆ. ಇದನ್ನು ಸರಿಪಡಿಸುವ ಕೆಲಸ ಫತುಲ್ಲಾ ಅವರ ಪಾಲಿಗೆ ಬಂತು.

## ಶಿಯಾ ಅಂದರೆ ಯಾರು?

ಪ್ರವಾದಿ ಮಹಮ್ಮದರು 632ರಲ್ಲಿ ತೀರಿಕೊಂಡಾಗ ಮುಂದೆ ಸಮುದಾಯವನ್ನು ನಡೆಸುವವರು ಯಾರು ಎಂಬ ಪ್ರಶ್ನೆ ಎದ್ದಿತು. ಅವರ ದೊಡ್ಡಪ್ಪನ ಮಗ, ಅಳಿಯ ಅಲಿ ಅವರಿಗೇ ಆ ಹಕ್ಕು ಸೇರಬೇಕು, ಅವರ ನಂತರ ಅವರ ವಂಶದ ಇಮಾಮರಿಗೆ ಸೇರಬೇಕು ಎಂದು ನಂಬಿದವರು ಶಿಯಾಗಳು. "ಶಿಯಾ ಅಲಿ" ಅಂದರೆ ಅಲಿಯ ಪಕ್ಷದವರು. ಇವರಲ್ಲಿ ದೊಡ್ಡ ಗುಂಪು ಹನ್ನೆರಡು ಇಮಾಮರನ್ನು ನಂಬುತ್ತದೆ.

680ರಲ್ಲಿ ಕರ್ಬಲಾದಲ್ಲಿ ಅಲಿಯ ಮಗ ಹುಸೇನರು ತಮ್ಮ ಬಳಗದ ಜೊತೆ ಹತರಾದರು. ಆ ದುಃಖದ ನೆನಪೇ ಮೊಹರಂ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ ಸೇರಿ ಪಂಜಾ ಹಿಡಿದು, ಅಲಾಯಿ ಕುಣಿತ ಕುಣಿದು, ಹುಸೇನರ ಮೇಲೆ ಕನ್ನಡದಲ್ಲೇ ರಿವಾಯತ್ ಪದ ಹಾಡುತ್ತಾರಲ್ಲ, ಅದರ ಬೇರು ಇಲ್ಲಿದೆ. ಗೌರಿಬಿದನೂರು ತಾಲ್ಲೂಕಿನ ಅಲಿಪುರದಲ್ಲಿ ಇಂದಿಗೂ ಹೆಚ್ಚು ಕಡಿಮೆ ಇಡೀ ಊರೇ ಶಿಯಾಗಳದ್ದು.

1501ರಲ್ಲಿ ಇರಾನಿನಲ್ಲಿ ಸಫವಿ ವಂಶದ ಶಾ ಇಸ್ಮಾಯಿಲ್ ಶಿಯಾ ಪಂಥವನ್ನು ರಾಜ್ಯದ ಧರ್ಮವೆಂದು ಸಾರಿದ. ಅದಾದ ಒಂದೆರಡು ವರ್ಷಕ್ಕೇ ವಿಜಯಪುರದ ಯೂಸುಫ್ ಆದಿಲ್ ಶಾ ಕೂಡ ಹಾಗೇ ಸಾರಿದ. ಶಿರಾಜಿಗೂ ವಿಜಯಪುರಕ್ಕೂ ನಡುವೆ ಸಮುದ್ರವಿದ್ದರೂ ಎರಡೂ ಕಡೆ ಮಸೀದಿಗಳಲ್ಲಿ ಒಂದೇ ಹೆಸರುಗಳು ಕೇಳಿಸತೊಡಗಿದವು.

## ಶಿರಾಜ್ ಬಿಟ್ಟು ವಿಜಯಪುರಕ್ಕೆ

ಶಿರಾಜ್ ಆಗ ಲೆಕ್ಕ ಮತ್ತು ತರ್ಕಕ್ಕೆ ಹೆಸರಾದ ಊರು. ಅಲ್ಲಿನ ದೊಡ್ಡ ಗುರು ಗಿಯಾಸುದ್ದೀನ್ ಮನ್ಸೂರ್ ದಶ್ತಕಿ. ತತ್ವಶಾಸ್ತ್ರ ಮತ್ತು ಖಗೋಳ ಎರಡರಲ್ಲೂ ಪಾಠ ಹೇಳುತ್ತಿದ್ದವರು. ಫತುಲ್ಲಾ ಈ ದಶ್ತಕಿಯವರ ಹತ್ತಿರ ಕಲಿತರು, ಜಮಾಲುದ್ದೀನ್ ಮಹಮೂದ್ ಮೊದಲಾದವರ ಹತ್ತಿರವೂ ಕಲಿತರು.

ಇತ್ತ ವಿಜಯಪುರದಲ್ಲಿ 1558ರಲ್ಲಿ ಒಂದನೇ ಅಲಿ ಆದಿಲ್ ಶಾ ಪಟ್ಟಕ್ಕೆ ಬಂದ. ಇವನ ತಂದೆ ಸುನ್ನಿ ಪದ್ಧತಿಗೆ ತಿರುಗಿದ್ದ. ಅಲಿ ಮತ್ತೆ ಶಿಯಾ ಪದ್ಧತಿ ತಂದ. 1565ರ ತಾಳಿಕೋಟೆ ಯುದ್ಧದಿಂದ ನಾವೆಲ್ಲ ಅವನ ಹೆಸರು ಕೇಳಿದ್ದೇವೆ. ಆದರೆ ಅವನಿಗೆ ಪುಸ್ತಕದ ಹುಚ್ಚು ಎಷ್ಟಿತ್ತು ಎನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅವನ ಗ್ರಂಥಾಲಯಕ್ಕೆ ಶೇಷ ವಾಮನ ಪಂಡಿತ ಎಂಬ ಸಂಸ್ಕೃತ ವಿದ್ವಾಂಸರಿದ್ದರು. ಗ್ರಹ ನಕ್ಷತ್ರಗಳ ಮೇಲೆ ಚಿತ್ರಗಳೊಂದಿಗೆ "ನುಜೂಮ್ ಅಲ್ ಉಲೂಮ್" ಎಂಬ ಗ್ರಂಥ 1570ರಲ್ಲಿ ಅಲ್ಲಿ ತಯಾರಾಯಿತು. ಅದರ ಪ್ರತಿ ಈಗ ಐರ್ಲೆಂಡಿನ ಡಬ್ಲಿನ್ ನಗರದಲ್ಲಿದೆ.

ಇಂಥ ರಾಜ ಶಿರಾಜಿನಿಂದ ಫತುಲ್ಲಾ ಅವರನ್ನು ಕರೆಸಿಕೊಂಡ. ಆ ಕಾಲಕ್ಕೆ ಇರಾನಿನಿಂದ ದಖ್ಖನ್ನಿಗೆ ಬರುವುದು ಹೊಸದೇನೂ ಆಗಿರಲಿಲ್ಲ. ಹೊರ್ಮುಜ್ ಬಂದರಿನಲ್ಲಿ ಹಡಗು ಹತ್ತಿದರೆ ಕೊಂಕಣ ತೀರ, ಅಲ್ಲಿಂದ ಘಟ್ಟ ಹತ್ತಿದರೆ ವಿಜಯಪುರ. ದೆಹಲಿಗೆ ಹೋಗುವುದಕ್ಕಿಂತ ಇದು ಸುಲಭ. ಹಾಗೆ ಬಂದವರನ್ನು ಇಲ್ಲಿ "ಆಫಾಕಿ" ಅನ್ನುತ್ತಿದ್ದರು, ಹೊರಗಿನವರು ಅಂತ. ಬೀದರಿನಲ್ಲಿ 1472ರ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಕೂಡ ಒಬ್ಬ ಆಫಾಕಿಯೇ. ಮೊದಲಿನಿಂದ ಇಲ್ಲಿದ್ದವರು "ದಖ್ಖನಿ"ಗಳು. ಈ ಎರಡು ಗುಂಪಿನ ನಡುವಿನ ಜಗಳ ಎಷ್ಟೋ ತಲೆಗಳನ್ನು ಉರುಳಿಸಿದೆ.

1580ರಲ್ಲಿ ಅಲಿ ಆದಿಲ್ ಶಾ ಅರಮನೆಯಲ್ಲೇ ಕೊಲೆಯಾದ. ಪಟ್ಟಕ್ಕೆ ಬಂದ ಎರಡನೇ ಇಬ್ರಾಹಿಂ ಇನ್ನೂ ಒಂಬತ್ತು ಹತ್ತು ವರ್ಷದ ಹುಡುಗ. ಆಡಳಿತ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾ ಕೊನೆಗೆ ದಿಲಾವರ್ ಖಾನ್ ಎಂಬ ಹಬ್ಶಿ (ಆಫ್ರಿಕಾ ಮೂಲದ) ಸರದಾರನ ಕೈ ಸೇರಿತು. ಅವನು ಸುನ್ನಿ ಪದ್ಧತಿ ತಂದ. ಗುಣ ಗುರುತಿಸಿ ಕರೆಸಿಕೊಂಡ ರಾಜನೇ ಇಲ್ಲವಾದ ಮೇಲೆ ಫತುಲ್ಲಾ ಅವರಿಗೆ ಇಲ್ಲಿ ಆಸರೆ ಉಳಿಯಲಿಲ್ಲ. ಅದೇ ಹೊತ್ತಿಗೆ ಅಕ್ಬರನಿಂದ ಕರೆ ಬಂತು.

## ಫತೇಪುರ ಸಿಕ್ರಿಯಲ್ಲಿ

1583ರಲ್ಲಿ ಅವರು ಫತೇಪುರ ಸಿಕ್ರಿ ತಲುಪಿದರು. ಎದುರುಗೊಳ್ಳಲು ಅಕ್ಬರ್ ಸುಮ್ನೆ ಯಾರನ್ನೋ ಕಳಿಸಲಿಲ್ಲ. ಸೇನಾಪತಿಯೂ ಕವಿಯೂ ಆಗಿದ್ದ ಅಬ್ದುಲ್ ರಹೀಮ್ ಖಾನ್ ಇ ಖಾನಾನ್ ಮತ್ತು ಹಕೀಮ್ ಅಬುಲ್ ಫತ್ ಇಬ್ಬರನ್ನು ಕಳಿಸಿದ.

1585ರಲ್ಲಿ ಅವರಿಗೆ "ಅಮೀನ್ ಉಲ್ ಮುಲ್ಕ್" ಎಂಬ ಹುದ್ದೆ ಕೊಟ್ಟ. ನಮ್ಮ ಕೋರ್ಟುಗಳಲ್ಲಿ ಈಗಲೂ "ಅಮೀನ" ಇದ್ದಾರಲ್ಲ, ಅದೇ ಪದ. ನಂಬಿಕಸ್ತ ಎಂದು ಅರ್ಥ. ಕಂದಾಯದ ವಿಷಯದಲ್ಲಿ ರಾಜಾ ತೋಡರ್ ಮಲ್ ಇವರ ಸಲಹೆ ಪಡೆದೇ ಮುಂದುವರಿಯಬೇಕು ಎಂದು ಆದೇಶವಾಯಿತು. ವರ್ಷಗಟ್ಟಲೆ ಕೊಳೆಯುತ್ತಿದ್ದ ಬಾಕಿ ಲೆಕ್ಕಗಳನ್ನು ಫತುಲ್ಲಾ ತೆಗೆದು ನೋಡಿದರು. ಸವೆದ ನಾಣ್ಯಕ್ಕೆ ಎಷ್ಟು ಕಡಿತ, ವಸೂಲಿಗಾರನಿಂದ ಹಳೇ ಬಾಕಿ ಕೇಳುವ ರೀತಿ ಯಾವುದು ಎಂಬಂಥ ವಿಷಯಗಳಿಗೆ ನಿಯಮ ಬರೆದು ಕೊಟ್ಟರು. ಕೇಳಲು ಸಪ್ಪೆ ಅನ್ನಿಸಬಹುದು. ಆದರೆ ತಕ್ಕಡಿಯ ಕಲ್ಲು, ನಾಣ್ಯದ ತೂಕ ಒಂದೊಂದು ಕಚೇರಿಯಲ್ಲಿ ಒಂದೊಂದು ಥರ ಇದ್ದರೆ ಕೊನೆಗೆ ನಷ್ಟ ಯಾರಿಗೆ ಎಂಬುದು ಮಾರುಕಟ್ಟೆಗೆ ಕಾಳು ಒಯ್ದವರಿಗೆ ಗೊತ್ತು.

ದಖ್ಖನ್ ಗೊತ್ತಿದ್ದವರೆಂದು ಅವರನ್ನು ಖಾನ್‌ದೇಶದ ರಾಜಾ ಅಲಿ ಖಾನನ ಹತ್ತಿರ ರಾಯಭಾರಕ್ಕೂ ಕಳಿಸಿದರು. ಆ ಕೆಲಸ ಕೈಗೂಡಲಿಲ್ಲ.

## ಇಲಾಹಿ ಸಂವತ್ಸರ: ಲೆಕ್ಕ ಹೇಗೆ?

1584ರಲ್ಲಿ ಅಕ್ಬರ್ ಹೊಸ ಕ್ಯಾಲೆಂಡರ್ ಜಾರಿಗೆ ತಂದ. ಹೆಸರು "ತಾರೀಖ್ ಇ ಇಲಾಹಿ". ಇದರ ಲೆಕ್ಕ ಕಟ್ಟಿದ್ದು ಫತುಲ್ಲಾ. ಸಮರ್ಕಂದದಲ್ಲಿ ಉಲುಗ್ ಬೇಗ್ 1437ರ ಹೊತ್ತಿಗೆ ತಯಾರಿಸಿದ್ದ ಖಗೋಳ ಕೋಷ್ಟಕಗಳನ್ನು ಅವರು ಆಧಾರ ಮಾಡಿಕೊಂಡರು. ಇಂಥ ಕೋಷ್ಟಕಕ್ಕೆ "ಜೀಜ್" ಎನ್ನುತ್ತಾರೆ. ಸೂರ್ಯ, ಚಂದ್ರ, ಗ್ರಹಗಳು ಯಾವ ದಿನ ಎಲ್ಲಿರುತ್ತವೆ ಎಂದು ಲೆಕ್ಕ ಹಾಕಲು ಬೇಕಾದ ಅಂಕಿಗಳ ಪಟ್ಟಿ ಅದು. ನಮ್ಮ ಜೋಯಿಸರ ಹತ್ತಿರ ಇರುವ ಗಣಿತದ ಪುಸ್ತಕದ ಹಾಗೆ. ಆ ಜೀಜಿನ ಒಂದು ಭಾಗವನ್ನು ಫತುಲ್ಲಾ ಅವರ ಮೇಲ್ವಿಚಾರಣೆಯಲ್ಲಿ ಕಿಶನ್ ಜೋಶಿ, ಗಂಗಾಧರ, ಮಹೇಶ ಮಹಾನಂದ ಎಂಬ ಪಂಡಿತರು ಸೇರಿ ಅನುವಾದ ಮಾಡಿದರು. ಶಿರಾಜಿನ ಶಿಯಾ ಸಯ್ಯದರು ಮತ್ತು ಈ ಜೋಶಿಗಳು ಒಂದೇ ಕೋಣೆಯಲ್ಲಿ ಕೂತು ಗ್ರಹಗಳ ಅಂಕಿ ಹೊಂದಿಸುತ್ತಿದ್ದ ದೃಶ್ಯ ನನಗೆ ತುಂಬಾ ಇಷ್ಟ.

ಹೊಸ ಕ್ಯಾಲೆಂಡರ್ ಸೂರ್ಯನದು. ವರ್ಷ ಶುರುವಾಗುವುದು ನೌರೋಜ್ ದಿನ, ಮಾರ್ಚಿನಲ್ಲಿ ಹಗಲು ರಾತ್ರಿ ಸಮವಾಗುವಾಗ. ತಿಂಗಳಿಗೆ ಹಳೆಯ ಪಾರಸಿ ಹೆಸರುಗಳು: ಫರ್ವರ್ದೀನ್, ಅರ್ದಿಬೆಹಿಷ್ತ್, ಖುರ್ದಾದ್, ಹೀಗೆ ಹನ್ನೆರಡು. ಎಣಿಕೆ ಅಕ್ಬರ್ ಪಟ್ಟಕ್ಕೆ ಬಂದ 1556ರಿಂದ.

ಜನ ಬಳಸುತ್ತಿದ್ದ ಕಂದಾಯದ ವರ್ಷದಲ್ಲಿ, ಅಂದರೆ ಫಸಲಿಯಲ್ಲಿ, ಇನ್ನೊಂದು ಜಾಣತನ ಇದೆ. ಎಣಿಕೆಯನ್ನು ಒಂದರಿಂದ ಶುರು ಮಾಡಲಿಲ್ಲ. 1556ರಲ್ಲಿ ಹಿಜರಿ 963 ನಡೆಯುತ್ತಿತ್ತು. ಆ 963 ಹಾಗೇ ಇಟ್ಟುಕೊಂಡರು. ಅಲ್ಲಿಂದ ಮುಂದೆ ಚಂದ್ರನ ಬದಲು ಸೂರ್ಯನ ವರ್ಷ ಎಣಿಸುತ್ತಾ ಹೋದರು. ಓಡುವ ಬಸ್ಸಿನಿಂದ ಇಳಿದು, ಅದೇ ಊರಿನ ಟಿಕೆಟ್ ಹಿಡಿದು, ನಿಧಾನ ಹೋಗುವ ಬಸ್ಸು ಹತ್ತಿದ ಹಾಗೆ.

ಬಂಗಾಳಿ ಕ್ಯಾಲೆಂಡರಿನ ಎಣಿಕೆಯೂ ಇದೇ ಬಗೆಯದು ಎನ್ನುತ್ತಾರೆ, ಅದರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಬಹುದು. 1556ರಿಂದ 2024ಕ್ಕೆ 468 ವರ್ಷ. 963ಕ್ಕೆ 468 ಕೂಡಿಸಿ: 1431. 2024ರ ಏಪ್ರಿಲಿನಲ್ಲಿ ಬಂಗಾಳಿಗಳು ಆಚರಿಸಿದ್ದು 1431ರ ಹೊಸ ವರ್ಷವೇ. ಆ ತಿಂಗಳಲ್ಲಿ ಹಿಜರಿ ಮಾತ್ರ 1445 ಆಗಿತ್ತು. ನಾಲ್ಕೂವರೆ ಶತಮಾನದಲ್ಲಿ ಚಂದ್ರ ಸೂರ್ಯನಿಗಿಂತ 14 ವರ್ಷ ಮುಂದೆ ಓಡಿದ್ದಾನೆ. ಹಳೇ ಪದ್ಧತಿಯೇ ಇದ್ದಿದ್ದರೆ 14 ವರ್ಷದ ಕಂದಾಯ ಬೆಳೆಯದ ಬೆಳೆಗೆ ಹೋಗುತ್ತಿತ್ತು.

## ಗಾಣದಂಥ ಯಂತ್ರ, ಚಲಿಸುವ ಬೀಸುಕಲ್ಲು

ಫತುಲ್ಲಾ ಕೈಕೆಲಸದಲ್ಲೂ ನಿಪುಣರು. ಬಂಡಿ ಉರುಳುತ್ತಾ ಹೋದರೆ ಅದರ ಗಾಲಿಯ ಬಲದಿಂದಲೇ ಕಲ್ಲು ತಿರುಗಿ ಹಿಟ್ಟು ಬೀಸುವ ಗಾಡಿ ಒಂದು. ಸೈನ್ಯ ನಡೆಯುತ್ತಿರುವಾಗಲೇ ರೊಟ್ಟಿಗೆ ಹಿಟ್ಟು ಸಿದ್ಧ. ಇನ್ನೊಂದು, ಬಂದೂಕಿನ ನಳಿಗೆ ಶುಚಿ ಮಾಡುವ ಯಂತ್ರ. ಗಾಣಕ್ಕೆ ಎತ್ತು ಕಟ್ಟಿದ ಹಾಗೆ ಕಟ್ಟಿ ಚಕ್ರ ತಿರುಗಿಸಿದರೆ ಒಂದೇ ಸಲಕ್ಕೆ 16 ನಳಿಗೆಗಳ ಒಳಗೆ ಕುಂಚ ಆಡುತ್ತಿತ್ತು. 17 ನಳಿಗೆಗಳನ್ನು ಜೋಡಿಸಿ ಒಂದೇ ಬತ್ತಿಯಿಂದ ಹಾರಿಸುವ ಫಿರಂಗಿಯೂ ಇತ್ತು.

ಇಲ್ಲಿ ಒಂದು ಎಚ್ಚರಿಕೆ. ಅಕ್ಬರನ ಆಪ್ತ ಅಬುಲ್ ಫಜಲ್ ಈ ಯಂತ್ರಗಳನ್ನು ಬಾದಶಹನೇ ಕಂಡುಹಿಡಿದ ಎಂದು ಬರೆದಿದ್ದಾನೆ. ಅದೇ ಕಾಲದ ಇನ್ನೊಬ್ಬ ಇತಿಹಾಸಕಾರ ನಿಜಾಮುದ್ದೀನ್ ಅಹಮದ್, ಬೀಸುವ ಗಾಡಿಯನ್ನೂ ಬಂದೂಕು ಶುಚಿ ಮಾಡುವ ಚಕ್ರವನ್ನೂ ಫತುಲ್ಲಾ ಅವರ ಲೆಕ್ಕಕ್ಕೆ ಹಾಕಿದ್ದಾನೆ. ದೊರೆಯ ಹೆಸರಿಗೆ ಕೀರ್ತಿ ಬರೆಯುವುದು ಆಸ್ಥಾನದ ರೂಢಿ. ನನಗೆ ನಿಜಾಮುದ್ದೀನನ ಮಾತೇ ಸರಿ ಅನ್ನಿಸುತ್ತದೆ.

## ಅವರು ಧರ್ಮ ಪ್ರಚಾರಕರಾಗಿದ್ದರಾ?

ಇರಾನಿನಿಂದ ಬಂದ ಶಿಯಾ ವಿದ್ವಾಂಸರೆಲ್ಲ ಪ್ರಚಾರಕ್ಕೇ ಬಂದವರು ಎಂದುಕೊಳ್ಳುವವರಿದ್ದಾರೆ. ಹಾಗೆ ನಿಜವಾಗಿ ಪ್ರಚಾರ ಮಾಡಿದವರೂ ಇದ್ದರು. ಶಾ ತಾಹಿರ್ ಎಂಬುವರು ಇರಾನಿನಲ್ಲಿ ಜೀವಭಯ ಎದುರಾಗಿ 1520ರಲ್ಲಿ ಹಡಗು ಹತ್ತಿ ಗೋವೆಗೆ ಬಂದರು. ಅಲ್ಲಿಂದ ವಿಜಯಪುರಕ್ಕೆ ಹೋದರು. ಆಗಿನ ಇಸ್ಮಾಯಿಲ್ ಆದಿಲ್ ಶಾ ಅವರಿಗೆ ಹೆಚ್ಚು ಗಮನ ಕೊಡಲಿಲ್ಲ. ಮುಂದೆ ಪರಂಡಾ ಕೋಟೆಯಲ್ಲಿ ಒಬ್ಬ ಪಂಡಿತನಿಗೆ ಗ್ರೀಕರ ಕಾಲದ ಖಗೋಳ ಗ್ರಂಥ "ಅಲ್ಮಜೆಸ್ಟ್" ಪಾಠ ಹೇಳಿದರು. ಆ ಪಾಠದ ಸುದ್ದಿಯೇ ಅಹಮದ್‌ನಗರದ ಬುರ್ಹಾನ್ ನಿಜಾಮ್ ಶಾನ ಕಿವಿಗೆ ಬಿದ್ದು ಅವರನ್ನು ಕರೆಸಿಕೊಂಡ. ಮುಂದೆ 1537ರಲ್ಲಿ ಅವರ ಮಾತಿನಿಂದ ಆ ರಾಜನೇ ಶಿಯಾ ಆದ. ಲೆಕ್ಕದ ಪಾಠ ಬಾಗಿಲು ತೆರೆಯಿತು, ಧರ್ಮ ಆ ಬಾಗಿಲಿನಿಂದ ಒಳಗೆ ಬಂತು.

ಫತುಲ್ಲಾ ಅವರ ದಾರಿ ಬೇರೆ. ಯಾರನ್ನೂ ತಮ್ಮ ಪಂಥಕ್ಕೆ ಸೆಳೆಯಲು ಅವರು ಹೊರಡಲಿಲ್ಲ. ತಮ್ಮ ನಂಬಿಕೆಯನ್ನು ಮುಚ್ಚಿಡಲೂ ಇಲ್ಲ. ಅಕ್ಬರ್ ಆಗ ಸಾಂಪ್ರದಾಯಿಕ ಆಚರಣೆಗಳಿಂದ ದೂರ ಸರಿದಿದ್ದ. ಆಸ್ಥಾನದ ಸಭಾಂಗಣದಲ್ಲಿ ನಮಾಜ್ ಮಾಡಲು ಜನ ಹಿಂಜರಿಯುತ್ತಿದ್ದರು. ಫತುಲ್ಲಾ ಅಲ್ಲೇ, ಎಲ್ಲರ ಎದುರಿಗೆ, ಶಿಯಾ ಪದ್ಧತಿಯಲ್ಲಿ ನೆಮ್ಮದಿಯಾಗಿ ನಮಾಜ್ ಮಾಡುತ್ತಿದ್ದರು. ಇದನ್ನು ಬರೆದಿಟ್ಟವನು ಬದಾಯೂನಿ, ಶಿಯಾಗಳನ್ನು ಕಂಡರಾಗದ ಕಟ್ಟಾ ಸುನ್ನಿ ಇತಿಹಾಸಕಾರ. ಅವನ ಮಾತಿನಲ್ಲೂ ಇಲ್ಲಿ ಮೆಚ್ಚುಗೆ ಇದೆ. ಅಕ್ಬರ್ ಅವರನ್ನು ಹಳೇ ಪದ್ಧತಿಯವರ ಸಾಲಿಗೆ ಸೇರಿಸಿ, ವಿದ್ಯೆಗಾಗಿ ಸುಮ್ಮನಿದ್ದ ಎಂದೂ ಅವನು ಹೇಳುತ್ತಾನೆ.

## ಮೇಷ್ಟ್ರು

ಇಷ್ಟು ದೊಡ್ಡ ಹುದ್ದೆಯಲ್ಲಿದ್ದರೂ ಅವರು ಸರದಾರರ ಮನೆಯ ಏಳೆಂಟು ವರ್ಷದ ಮಕ್ಕಳಿಗೆ ತಾವೇ ಅಕ್ಷರ, ಲೆಕ್ಕ ಕಲಿಸುತ್ತಿದ್ದರು. ಬದಾಯೂನಿಗೆ ಇದು ಸರಿ ಬರಲಿಲ್ಲ. ಇಂಥ ಪಂಡಿತರು ಹೆಗಲಿಗೆ ಬಂದೂಕು ಹಾಕಿಕೊಂಡು ಬಾದಶಹನ ಕುದುರೆ ಪಕ್ಕ ಓಡುವುದನ್ನೂ ಅವನು ಹಳಿದ. ಜನರ ನಡುವೆ ಸೌಮ್ಯವಾಗಿರುವವರು ಪಾಠಕ್ಕೆ ಕೂತರೆ ಶಿಷ್ಯರನ್ನು ಬೈಯುತ್ತಾರೆ, ಅದಕ್ಕೇ ಅವರಿಂದ ಒಬ್ಬ ಒಳ್ಳೆಯ ಶಿಷ್ಯನೂ ತಯಾರಾಗಲಿಲ್ಲ ಎಂದೂ ಬರೆದ.

ಆದರೆ ಮುಂದೆ ಆದದ್ದು ಬೇರೆ. ದಶ್ತಕಿಯಂಥ ಇರಾನಿ ಪಂಡಿತರ ಗ್ರಂಥಗಳನ್ನು ಫತುಲ್ಲಾ ಭಾರತದ ಮದರಸಾಗಳ ಪಾಠಕ್ಕೆ ತಂದರು. ಅವರ ಶಿಷ್ಯ ಲಾಹೋರಿನ ಅಬ್ದುಲ್ ಸಲಾಮ್. ಅಲ್ಲಿಂದ ಗುರುಶಿಷ್ಯರ ಸಾಲು ಲಕ್ನೋದ ಫರಂಗಿ ಮಹಲ್ ತನಕ ಸಾಗಿತು. 18ನೇ ಶತಮಾನದಲ್ಲಿ ಅಲ್ಲಿ "ದರ್ಸ್ ಇ ನಿಜಾಮಿ" ಎಂಬ ಪಠ್ಯಕ್ರಮ ರೂಪುಗೊಂಡಿತು. ಭಾರತದ ಸುನ್ನಿ ಮದರಸಾಗಳು ಇಂದಿಗೂ ಅದರ ಒಂದಲ್ಲ ಒಂದು ರೂಪವನ್ನು ಪಾಠ ಮಾಡುತ್ತವೆ. ಒಬ್ಬ ಶಿಯಾ ಗಣಿತಜ್ಞರು ತಂದ ತರ್ಕದ ಪುಸ್ತಕಗಳು ಸುನ್ನಿ ಮದರಸಾಗಳ ಓದಾದವು.

## ಶ್ರೀನಗರದ ಬೆಟ್ಟ

1589ರಲ್ಲಿ ಅಕ್ಬರ್ ಮೊದಲ ಸಲ ಕಾಶ್ಮೀರಕ್ಕೆ ಹೋದಾಗ ಫತುಲ್ಲಾ ಜೊತೆಯಲ್ಲಿದ್ದರು. ಅಲ್ಲಿ ಜೋರು ಜ್ವರ ಬಂತು. ಸ್ವತಃ ವೈದ್ಯರಾದ್ದರಿಂದ ತಮ್ಮ ಔಷಧಿ ತಾವೇ ಮಾಡಿಕೊಂಡರು. ಗೋಧಿ, ಮಾಂಸ ಹಾಕಿ ಬೇಯಿಸುವ ಹರೀಸಾ ತಿಂದರು. ಹಕೀಮ್ ಅಲಿ ಬೇಡವೆಂದರೂ ಕೇಳಲಿಲ್ಲ ಎನ್ನುತ್ತಾನೆ ಬದಾಯೂನಿ. ಜ್ವರ ಬಿಡಲಿಲ್ಲ. ತಖ್ತ್ ಇ ಸುಲೇಮಾನ್ ಬೆಟ್ಟದಲ್ಲಿ ಮಣ್ಣು ಮಾಡಿದರು. ಈಗ ನಾವು ಶಂಕರಾಚಾರ್ಯ ಬೆಟ್ಟ ಎನ್ನುತ್ತೇವಲ್ಲ, ಅದೇ.

ಅಕ್ಬರ್ ತುಂಬಾ ನೊಂದ. ಫಿರಂಗಿಗಳು (ಯುರೋಪಿನವರು) ಅವರನ್ನು ಹಿಡಿದಿಟ್ಟುಕೊಂಡು ಬಿಡುಗಡೆಗೆ ನನ್ನ ಇಡೀ ಖಜಾನೆ ಕೇಳಿದ್ದರೂ ಸಂತೋಷದಿಂದ ಕೊಡುತ್ತಿದ್ದೆ, ಆ ವ್ಯಾಪಾರದಲ್ಲಿ ಲಾಭ ನನಗೇ ಎಂಬ ಅರ್ಥದ ಮಾತನ್ನು ಅವನು ಆಡಿದ್ದನ್ನು ಅಬುಲ್ ಫಜಲ್ ದಾಖಲಿಸಿದ್ದಾನೆ.

## 590 ಬಂದದ್ದು ಹೀಗೆ

ಇಲಾಹಿ ಸಂವತ್ಸರ ಶಾಹಜಹಾನನ ಕಾಲಕ್ಕೆ ಹಿಂದೆ ಸರಿಯಿತು. ಫಸಲಿ ವರ್ಷ ಉಳಿಯಿತು. "ಫಸಲ್" ಅಂದರೆ ಬೆಳೆ, ನಾವು ಫಸಲು ಅನ್ನುತ್ತೇವಲ್ಲ, ಅದೇ. ಶಾಹಜಹಾನ್ ದಖ್ಖನ್ನಿಗೆ ಈ ಪದ್ಧತಿ ತಂದದ್ದು 1636ರಲ್ಲಿ. ಆಗ ಹಿಜರಿ 1046. ಮತ್ತೆ ಅದೇ ಉಪಾಯ: ಹಿಜರಿ ಅಂಕಿ ಇಟ್ಟುಕೊಂಡು, ಮುಂದೆ ಸೂರ್ಯನ ವರ್ಷ ಎಣಿಸುವುದು. 1636ರಿಂದ 1046 ಕಳೆಯಿರಿ. 590.

ನಿಜಾಮರ ರಾಜ್ಯದಲ್ಲಿ ಫಸಲಿ ವರ್ಷ ಅಕ್ಟೋಬರಿನಲ್ಲಿ, ಆಜರ್ ತಿಂಗಳಿಂದ ಶುರುವಾಗುತ್ತಿತ್ತು. ಹಾಗಾಗಿ ಪತ್ರದ ತಾರೀಖು ಅಕ್ಟೋಬರಿನಿಂದ ಡಿಸೆಂಬರ್ ಒಳಗಿದ್ದರೆ 590 ಕೂಡಿಸಬೇಕು, ಜನವರಿ ದಾಟಿದ್ದರೆ 591. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ, ಮಂಗಳೂರು ಕಡೆಯ ಪತ್ರವಾದರೆ ವರ್ಷ ಶುರುವಾಗುವುದು ಜುಲೈ 1ರಿಂದ. ಉದಾಹರಣೆಗೆ ಹೈದರಾಬಾದಿನ ಭೂಕಂದಾಯ ಕಾಯಿದೆ 1317 ಫಸಲಿಯದ್ದು. ಅಂದರೆ 1907–08. ಪತ್ರದ ಮೂಲೆಯಲ್ಲಿ ಆಜರ್, ಬಹಮನ್, ಖುರ್ದಾದ್ ಎಂದು ಕಂಡರೆ, ಅವು 1584ರಲ್ಲಿ ಫತುಲ್ಲಾ ಅವರ ಕ್ಯಾಲೆಂಡರಿನಲ್ಲಿದ್ದ ತಿಂಗಳುಗಳೇ.